ಬಾನೆಟ್ ಎತ್ತರದ ಜೀಪು 1944ರದ್ದಾಗುವುದಿಲ್ಲ

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ. ಅಜ್ಜನ ಕಾಲದಲ್ಲಿ ಮನೆಯಲ್ಲಿ ಜೀಪು ಇತ್ತು, ನಾನು ಹುಟ್ಟುವ ಮೊದಲೇ ಮಾರಿದ್ದಾರೆ. ಈಗ ಪುತ್ತೂರು ಕಡೆಯ ಬ್ರೋಕರೊಬ್ಬರು ಒಂದು ಜೀಪು ತೋರಿಸಿದ್ದಾರೆ. "1944ರ ಮಿಲಿಟರಿ ವಿಲ್ಲೀಸ್, ಪಕ್ಕಾ ಒರಿಜಿನಲ್" ಅನ್ನುತ್ತಾರೆ. ಕರ್ನಾಟಕದ ನಂಬರು, ಪೆಟ್ರೋಲ್ ಎಂಜಿನ್, ಮಿಲಿಟರಿ ಹಸಿರು ಬಣ್ಣ, ಬಂಪರಿನ ಮೇಲೆ ಬಾಣದ ಗುರುತು, ಬಾನೆಟ್ಟಿನ ಪಕ್ಕದಲ್ಲಿ ವಿಲ್ಲೀಸ್ ಎಂಬ ಅಚ್ಚು ಉಂಟು. ಆರ್‌ಸಿಯಲ್ಲಿ ಮಾತ್ರ 1972 ಅಂತಿದೆ, ಅದು ಹರಾಜಾದ ಮೇಲೆ ರಿಜಿಸ್ಟರ್ ಮಾಡಿದ ವರ್ಷವಂತೆ. ಹತ್ತು ವರ್ಷದಿಂದ ಸ್ಟಾರ್ಟ್ ಮಾಡಿಲ್ಲ. ಆರೂವರೆ ಲಕ್ಷ ಹೇಳುತ್ತಿದ್ದಾರೆ. ಫೋಟೋ ಕಳಿಸಿದ್ದೇನೆ. ತೆಗೆದುಕೊಳ್ಳಬಹುದೇ? ಇದರ ಬದಲು ಮಿಲಿಟರಿ ಹರಾಜಿನ ಜೋಂಗಾ ಗಾಡಿ ನೋಡು ಅನ್ನುತ್ತಾನೆ ಗೆಳೆಯ. ತೆಗೆದರೆ ಕೆಲಸ ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ನಾಲ್ಕು ಫೋಟೋ ಕಳಿಸಿದ್ದೀರಿ. ಮೊದಲನೆಯದೇ ಸಾಕಿತ್ತು. ಎದುರಿನಿಂದ ತೆಗೆದ ಆ ಚಿತ್ರದಲ್ಲಿ ಹೆಡ್‌ಲೈಟಿನಿಂದ ಮೇಲಕ್ಕೆ ಗೇಣುದ್ದ ತಗಡು ಎದ್ದು ನಿಂತಿದೆ, ಅದರ ಮೇಲೆ ಬಾನೆಟ್ ಕೂತಿದೆ. ಯುದ್ಧಕಾಲದ ಜೀಪಿಗೆ ಆ ಎತ್ತರ ಇಲ್ಲ.

ಕಾರಣ ಎಂಜಿನ್ನಿನ ಒಳಗಿದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿಯಲ್ಲಿ ಇದ್ದದ್ದು ಗೋ ಡೆವಿಲ್ ಎಂಬ 2.2 ಲೀಟರಿನ, 60 ಕುದುರೆಶಕ್ತಿಯ ಎಂಜಿನ್. ಅದರಲ್ಲಿ ಗಾಳಿ ಒಳಗೆ ಬಿಡುವ ಇನ್‌ಟೇಕ್, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ಎರಡೂ ಬಗೆಯ ವಾಲ್ವುಗಳು ಬ್ಲಾಕಿನೊಳಗೇ ಇರುತ್ತವೆ, ಹೆಡ್ ಅನ್ನುವುದು ಬರೀ ಒಂದು ದಪ್ಪ ಮುಚ್ಚಳ. ಹಾಗಾಗಿ ಎಂಜಿನ್ ಗಿಡ್ಡ, ಬಾನೆಟ್ಟೂ ಗಿಡ್ಡ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವನ್ನು ಬ್ಲಾಕಿನಲ್ಲೇ ಬಿಟ್ಟು ಇನ್‌ಟೇಕ್ ವಾಲ್ವನ್ನು ಹೆಡ್ಡಿಗೆ ಏರಿಸಿದರು. ಉಸಿರಾಟ ಸಲೀಸಾಯಿತು, ಶಕ್ತಿ 70 ಕುದುರೆ ದಾಟಿತು, ಎಂಜಿನ್ ಎತ್ತರವಾಯಿತು. ಹಳೆಯ ಬಾಡಿಯೊಳಗೆ ಅದನ್ನು ಕೂರಿಸಲು ಬಾನೆಟ್ಟನ್ನೇ ಎತ್ತಿದರು. ಅದೇ ಸಿಜೆ-3ಬಿ. ಅಮೆರಿಕದಲ್ಲಿ ಅದು ಬಂದದ್ದು 1953ರಲ್ಲಿ. 1953ರಲ್ಲಿ ಹುಟ್ಟಿದ ಮುಖ 1944ರ ಯುದ್ಧ ನೋಡುವುದು ಹೇಗೆ ಮಾರಾಯ್ರೆ?

ಇನ್ನೂ ಸಂಶಯವಿದ್ದರೆ ಗ್ರಿಲ್ಲಿನ ಸೀಳು ಎಣಿಸಿ. ಎಂಬಿಗೆ ಒಂಬತ್ತು, ನಿಮ್ಮ ಫೋಟೋದಲ್ಲಿ ಏಳು. ಎಂಬಿಯ ಹೆಡ್‌ಲೈಟು ಚಿಕ್ಕದು, ಗ್ರಿಲ್ಲಿನ ಹಿಂದೆ ಹುದುಗಿರುತ್ತದೆ. ಬಾನೆಟ್ ತೆಗೆದು ಒಂದು ಸ್ಕ್ರೂ ಸಡಿಲಿಸಿದರೆ ಅದನ್ನು ಹಿಂದಕ್ಕೆ ಮಡಚಿ, ರಾತ್ರಿ ಎಂಜಿನ್ ರಿಪೇರಿಗೆ ಟಾರ್ಚಿನ ಹಾಗೆ ಬಳಸಬಹುದಿತ್ತು. ಎಂಬಿಗೆ ಹಿಂದುಗಡೆ ಬಾಗಿಲೇ ಇಲ್ಲ. ನಿಮ್ಮದರಲ್ಲಿ ಸರಪಳಿ ಬಿಚ್ಚಿ ಕೆಳಗಿಳಿಸುವ ಬಾಗಿಲು ಕಾಣುತ್ತದೆ. ಪೆಟ್ರೋಲ್ ಹಾಕಲು ಎಂಬಿಯಲ್ಲಿ ಡ್ರೈವರ್ ಸೀಟಿನಿಂದ ಏಳಬೇಕು, ಟ್ಯಾಂಕಿನ ಬಾಯಿ ಸೀಟಿನ ಅಡಿಯಲ್ಲಿ. ಬಾನೆಟ್ಟಿನ ವಿಲ್ಲೀಸ್ ಅಚ್ಚು ನಂಬಿಸಲಿಕ್ಕೆ ಒಳ್ಳೆಯ ಸಾಕ್ಷಿಯ ಹಾಗೆ ಕಾಣುತ್ತದೆ, ಆದರೆ ಸಿಜೆ-3ಬಿ ಕೂಡ ವಿಲ್ಲೀಸ್ ಕಂಪನಿಯದ್ದೇ. ಅದರ ಪರವಾನಗಿ ಪಡೆದು ಮಹೀಂದ್ರದವರು ನಮ್ಮಲ್ಲಿ ಕಟ್ಟಿದರು.

ಬಾಣದ ಗುರುತಿನ ವಿಷಯ. ನಮ್ಮ ಸೇನೆಯ ನಂಬರಿನಲ್ಲಿ ಮೇಲ್ಮುಖದ ಬಾಣ, ಅದರ ಪಕ್ಕದ ಎರಡು ಅಂಕೆ ವಾಹನ ಸೇನೆಗೆ ಸೇರಿದ ವರ್ಷ. ಹಳೆಯ ಮಹೀಂದ್ರ ಜೀಪುಗಳು ಸೇನೆಯಲ್ಲಿ ಸಾಕಷ್ಟಿದ್ದವು, ಹಾಗಾಗಿ ಇದೂ ಸೇನೆಯಲ್ಲಿದ್ದಿರಬಹುದು. ಬಾಣ ಮಾತ್ರ ಅದಕ್ಕೆ ಪುರಾವೆಯಾಗುವುದಿಲ್ಲ. ಬ್ರಷ್ಷು, ಬಿಳಿ ಪೇಂಟು ಇದ್ದವರು ಯಾರೂ ಬರೆಯಬಹುದು. ಮಾತ್ರವಲ್ಲ, ಅದನ್ನು ಹಾಗೇ ಇಟ್ಟುಕೊಂಡು ರಸ್ತೆಗೆ ಇಳಿದರೆ ಸಿಕ್ಕಿಬೀಳುವವರು ನೀವು. ಬಣ್ಣವೂ ಅಷ್ಟೆ: ರಕ್ಷಣಾ ಇಲಾಖೆಯದ್ದಲ್ಲದ ವಾಹನಕ್ಕೆ ಆಲಿವ್ ಗ್ರೀನ್ ಬಳಿಯಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಜೀಪಿಗೆ ಹಸಿರು ಬಳಿದು ಕ್ಯಾನ್ವಾಸು ಕಟ್ಟಿ ಜೆರ್ರಿಕ್ಯಾನ್ ನೇತುಹಾಕಿದರೆ ಬೆಲೆ ಏರುತ್ತದೆ ಎಂದು ಮಾರುವವರಿಗೆ ಗೊತ್ತು. ತಪಾಸಣೆಗೆ ನಿಂತಾಗ ಬಣ್ಣ ಬದಲಿಸಲು ಹೇಳುತ್ತಾರೆ ಎಂಬುದು ಕೊಂಡವರಿಗೆ ಆಮೇಲೆ ಗೊತ್ತಾಗುತ್ತದೆ.

ಇಷ್ಟು ಹೇಳಿದೆನೆಂದು ಆ ಜೀಪನ್ನು ತಿರಸ್ಕರಿಸಬೇಡಿ. ನಾನಾದರೆ ಎಂಬಿಗಿಂತ ಅದನ್ನೇ ಆರಿಸುತ್ತೇನೆ. ಆರು ಲಕ್ಷಕ್ಕೂ ಹೆಚ್ಚು ಯುದ್ಧದ ಜೀಪುಗಳು ತಯಾರಾಗಿವೆ, ಅವುಗಳ ಬಗ್ಗೆ ಪ್ರಪಂಚವಿಡೀ ಬರೆದಿದೆ. ಆದರೆ ಪಾಣತ್ತೂರು, ಬಂದಡ್ಕದ ಗುಡ್ಡ ಹತ್ತಿದ್ದು, ಹೊಳೆ ದಾಟಿ ಅಡಿಕೆ ಮೂಟೆ ತಂದದ್ದು, ಬಾಣಂತಿಯನ್ನು ಆಸ್ಪತ್ರೆಗೆ ಒಯ್ದದ್ದು, ಹದಿನೈದು ಜನರನ್ನು ನೇತಾಡಿಸಿಕೊಂಡು ಟ್ರಿಪ್ ಹೊಡೆದದ್ದು ಮಹೀಂದ್ರ ಜೀಪು. 1945ರಲ್ಲಿ ಲುಧಿಯಾನದಲ್ಲಿ ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ ಉಕ್ಕಿನ ವ್ಯಾಪಾರಕ್ಕೆ ಶುರುವಾದ ಕಂಪನಿ ಅದು. ದೇಶ ವಿಭಜನೆಯ ಬಳಿಕ, 1948ರಲ್ಲಿ ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು, ಜೀಪು ಜೋಡಿಸಲು ಹೊರಟಿತು. ಅಮೆರಿಕದವರು ಸಿಜೆ-3ಬಿಯನ್ನು 1968ಕ್ಕೆ ನಿಲ್ಲಿಸಿದ ಎಷ್ಟೋ ವರ್ಷದ ನಂತರವೂ ನಮ್ಮಲ್ಲಿ ಅದೇ ಮುಖದ ಜೀಪು ಬರುತ್ತಿತ್ತು. ನೀವು ಅದನ್ನು ಸಿಜೆ-3ಬಿ ಎಂದೇ ಕೊಳ್ಳಿ, ಸಿಜೆ-3ಬಿಯಾಗಿಯೇ ಎಬ್ಬಿಸಿ. ಎಂಬಿಯ ವೇಷ ಹಾಕಿಸಿದರೆ ಎರಡೂ ಕೆಡುತ್ತದೆ.

ಹಾಗಾದರೆ ಆರೂವರೆ ಲಕ್ಷ? ಅದರಲ್ಲಿ ಜೀಪಿಗೆ ಎಷ್ಟು, 1944ರ ಕಥೆಗೆ ಎಷ್ಟು ಎಂದು ಬ್ರೋಕರರ ಹತ್ತಿರ ನಗುತ್ತಲೇ ಕೇಳಿ. ಹತ್ತು ವರ್ಷ ನಿಂತ ಪೆಟ್ರೋಲ್ ಜೀಪಿಗೆ ಕೊಂಡಷ್ಟೇ ಹಣವನ್ನು ರಿಪೇರಿಗೂ ಎತ್ತಿಡಬೇಕು. ಇದು ನನ್ನ ಗ್ಯಾರೇಜಿನ ಮೂವತ್ತು ವರ್ಷದ ಲೆಕ್ಕ, ತಪ್ಪಿದ್ದರೆ ಕಡಿಮೆಯ ಕಡೆಗೇ ತಪ್ಪಿದ್ದು. ಅರ್ಧ ಬೆಲೆಯ ಕೆಳಗಿನಿಂದ ಮಾತು ಶುರು ಮಾಡಿ.

ಮಾತಿಗೆ ಕೂರುವ ಮೊದಲು ಒಂದು ಕೆಲಸ ಉಂಟು. ಹೋಗುವಾಗ ಒಂದು ಬಿಳಿ ಕಾಗದ, ಮೆತ್ತನೆಯ ಪೆನ್ಸಿಲು, ಪೆಟ್ರೋಲಿನಲ್ಲಿ ಅದ್ದಿದ ಹಳೆ ಬಟ್ಟೆ ಒಯ್ಯಿರಿ. ಚಾಸಿಸ್ ನಂಬರ್ ಗುದ್ದಿದ ಜಾಗದ ಗ್ರೀಸು, ಕೆಸರು, ಪೇಂಟು ಒರೆಸಿ. ಕಾಗದ ಒತ್ತಿ ಹಿಡಿದು ಪೆನ್ಸಿಲ್ ಅಡ್ಡ ಮಲಗಿಸಿ ಉಜ್ಜಿ. ಅಕ್ಷರ ಒಂದೊಂದಾಗಿ ಎದ್ದು ಬರುತ್ತದೆ. ಕಣ್ಣಿಗೆ ಕಾಣದ್ದು ಆ ಕಾಗದದಲ್ಲಿ ಕಾಣುತ್ತದೆ: 3ನ್ನು 8 ಮಾಡಿದ್ದು, ಅಕ್ಷರಗಳ ಸಾಲು ಓರೆಯಾದದ್ದು, ಸುತ್ತ ಗ್ರೈಂಡರ್ ಎಳೆದ ಗೀರು, ಬೇರೆ ತುಂಡು ತಂದು ವೆಲ್ಡ್ ಮಾಡಿದ ಅಂಚು. ಆ ಕಾಗದವನ್ನು ಆರ್‌ಸಿಯ ಪಕ್ಕ ಇಟ್ಟು ಒಂದೊಂದೇ ಅಂಕೆ ಓದಿ, ಎಂಜಿನ್ ನಂಬರಿಗೂ ಹಾಗೇ ಮಾಡಿ. ಇಂಧನ ಪೆಟ್ರೋಲ್ ಎಂದೇ ಬರೆದಿದೆಯೇ ನೋಡಿ. ನಮ್ಮ ಕಡೆ ಎಷ್ಟೋ ಪೆಟ್ರೋಲ್ ಜೀಪಿಗೆ ಮಧ್ಯದಲ್ಲಿ ಡೀಸೆಲ್ ಎಂಜಿನ್ ಇಳಿಸಿದ್ದಾರೆ. ಕಾಗದದಲ್ಲಿ ಡೀಸೆಲ್ ಆದದ್ದಕ್ಕೆ ಈಗ ಪುನಃ ಪೆಟ್ರೋಲ್ ಎಂಜಿನ್ ಹಾಕಿ ಒರಿಜಿನಲ್ ಎಂದು ಮಾರುವವರೂ ಇದ್ದಾರೆ. ಒಂದೇ ಒಂದು ಅಂಕೆ ಹೊಂದದಿದ್ದರೂ ವ್ಯಾಪಾರ ಬೇಡ. ತುಕ್ಕು ಹಿಡಿದ ಬಾಡಿಯನ್ನು ನಾನು ಸರಿ ಮಾಡಿಕೊಡಬಲ್ಲೆ, ತುಕ್ಕು ಹಿಡಿದ ಕಾಗದಕ್ಕೆ ನನ್ನ ಹತ್ತಿರ ವೆಲ್ಡಿಂಗ್ ಇಲ್ಲ.

ಇದನ್ನು ಹೇಳುವ ಹಕ್ಕನ್ನು ನಾನು ದುಡ್ಡು ಕೊಟ್ಟೇ ಸಂಪಾದಿಸಿದ್ದು. ಹರೆಯದಲ್ಲಿ ಒಂದು ಹರಾಜಿನ ಲಾಟಿನಿಂದ ಕೈ ಬದಲಾಗಿ ಬಂದ ಜೀಪು ಕೊಂಡೆ. ಚಾಸಿಸ್ ಅಂದರೆ ಗಂಟೆ, ಬಡಿದರೆ ನಾದ ಬರುತ್ತಿತ್ತು. ಎಂಟು ತಿಂಗಳು ದುಡಿದೆ. ರಿಜಿಸ್ಟ್ರೇಷನ್ನಿಗೆ ಕೊಡಲು ಕಾಗದ ತೆಗೆದಾಗಲೇ ಎರಡನೇ ಪುಟದ ಒಂದು ಪದ ಕಣ್ಣಿಗೆ ಬಿದ್ದದ್ದು: ಸ್ಕ್ರ್ಯಾಪ್. ಅಂದರೆ ಅದು ರಸ್ತೆಗೆ ಬರಲು ಮಾರಿದ ವಾಹನ ಆಗಿರಲೇ ಇಲ್ಲ, ಕಬ್ಬಿಣವಾಗಿ ಮಾರಿದ್ದು. ಕೊನೆಗೆ ಕಬ್ಬಿಣದ ತೂಕಕ್ಕೇ ಹೋಯಿತು. ಅದರ ಗೇರ್‌ಬಾಕ್ಸ್ ಈಗಲೂ ನನ್ನ ಗ್ಯಾರೇಜಿನ ಕಪಾಟಿನ ಮೇಲೆ ಕೂತು ನನ್ನನ್ನು ನೋಡುತ್ತಿರುತ್ತದೆ.

ನಿಮ್ಮ ಗೆಳೆಯನ ಜೋಂಗಾದ ಮಾತಿಗೂ ಇದೇ ಅನ್ವಯ. ಸೇನೆಯ ಹಳೆ ವಾಹನಗಳು ಈಗ ಕೇಂದ್ರ ಸರಕಾರದ ಎಂಎಸ್‌ಟಿಸಿ ಕಂಪನಿಯ ಆನ್‌ಲೈನ್ ಹರಾಜಿನಲ್ಲಿ ಲಾಟು ಲಾಟಾಗಿ ಹೋಗುತ್ತವೆ. ಲಾಟಿನ ಷರತ್ತನ್ನು ಪೂರ್ತಿ ಓದದೆ ಹಣ ಕಟ್ಟಬೇಡಿ. ಜೋಂಗಾ ಗಂಭೀರ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ 1969ರಿಂದ 1999ರವರೆಗೆ ತಯಾರಾದದ್ದು, ಮೂಲ ನಿಸಾನ್ ಪ್ಯಾಟ್ರೋಲ್ 60. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಹಲಸಿನ ಮರದ ನೆರಳಿನಲ್ಲಿ ಐಡ್ಲಿಂಗ್ ಬಿಟ್ಟರೆ ನಿದ್ದೆ ಬರುವಷ್ಟು ನಯ. ಆದರೆ ಲೀಟರಿಗೆ ಐದಾರು ಕಿಲೋಮೀಟರ್ ಓಡಿದರೆ ಪುಣ್ಯ. ಬಿಡಿಭಾಗಕ್ಕೆ ಹರಾಜಿನ ಮತ್ತೊಂದು ಜೋಂಗಾವನ್ನೇ ಬಿಚ್ಚಬೇಕು. ಪೆರ್ಲದ ತೋಟದ ಓಣಿಯಲ್ಲಿ ಅದನ್ನು ತಿರುಗಿಸುವುದು ಆನೆಯನ್ನು ಹಟ್ಟಿಯಲ್ಲಿ ತಿರುಗಿಸಿದ ಹಾಗೆ. ಮೊದಲ ಜೀಪಾಗಿ ಬೇಡ. ದಿನಾ ಓಡಿಸಲಿಕ್ಕೇ ಹಳತು ಬೇಕೆಂದಿದ್ದರೆ ಜಿಪ್ಸಿ ನೋಡಬಹುದಿತ್ತು, ಆದರೆ ನೀವು ಕೇಳಿದ್ದು ಅದನ್ನಲ್ಲ.

ಈಗ ಗಡಿಯ ಪ್ರಶ್ನೆ. ಕರ್ನಾಟಕದ ಸಾರಡ್ಕ ದಾಟಿ ಕೇರಳದ ಅಡ್ಕಸ್ಥಳಕ್ಕೆ ಬರುವುದು ಜೀಪಿಗೆ ಐದು ನಿಮಿಷದ ದಾರಿ, ಕಾಗದಕ್ಕೆ ತಿಂಗಳುಗಳು. ಮಾರುವವರ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದು ಫಾರ್ಮ್ 28. ಅದನ್ನು ತಂದು ಕಾಸರಗೋಡಿನಲ್ಲಿ ಕೆಎಲ್ 14 ನಂಬರಿಗೆ ಅರ್ಜಿ ಹಾಕಬೇಕು, ಕೇರಳದ ತೆರಿಗೆ ಕಟ್ಟಬೇಕು, ಗಾಡಿಯನ್ನು ಓಡುವ ಸ್ಥಿತಿಯಲ್ಲಿ ಒಯ್ದು ತೋರಿಸಬೇಕು. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹತ್ತು ವರ್ಷ ನಿಂತಿದೆ ಅಂದರೆ ನವೀಕರಣವೂ ನಿಂತಿದೆ ಎಂದೇ ಅರ್ಥ. ಕಾರು ಜೀಪುಗಳಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಆಮೇಲೂ ಏರಿದೆ. ಬಾಕಿ ತೆರಿಗೆ, ದಂಡ, ನವೀಕರಣ, ಎನ್‌ಒಸಿ ಇಷ್ಟೂ ಮಾರುವವರ ತಲೆಗೆ ಇರಲಿ. ಮುಂಗಡ ಸ್ವಲ್ಪ ಕೊಡಿ, ಉಳಿದದ್ದು ಎನ್‌ಒಸಿ ಕೈಗೆ ಬಂದ ದಿನ.

1972ರದ್ದು ಆದ್ದರಿಂದ ವಿಂಟೇಜ್ ದಾರಿಯೂ ತೆರೆದಿದೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ವಾಹನಕ್ಕೆ ವಿಎ ಅಕ್ಷರದ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಆದರೆ ಆ ನಂಬರು ಹಾಕಿದ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಯಬಹುದು. ಗೊಬ್ಬರ ತರಲು, ಮದುವೆಗೆ ಹೋಗಲು ಬೇಕೆಂದಿದ್ದರೆ ಸಾಮಾನ್ಯ ನೋಂದಣಿಯೇ ನಿಮಗೆ ಸರಿ. ಎರಡರಲ್ಲಿ ಯಾವುದೇ ಆದರೂ ದೊಡ್ಡ ಟಯರು, ಎತ್ತರಿಸಿದ ಪಾಟಾ (ಲೀಫ್ ಸ್ಪ್ರಿಂಗ್), ಬಂಪರಿನ ಮೇಲೆ ಕಬ್ಬಿಣದ ಕೊಂಬು ಇವೆಲ್ಲ ಬೇಡ. ಕಂಪನಿಯ ಮೂಲ ವಿವರ ಮೀರಿ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟದ್ದು ಕೇರಳದಿಂದ ಹೋದ ಪ್ರಕರಣದಲ್ಲೇ.

ಇನ್ನು ಜೀಪು ಮನೆಗೆ ಬಂತು ಅಂದುಕೊಳ್ಳಿ. ಮೊದಲು ಬರುವ ಆಸೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು. ಅದೊಂದು ಮಾಡಬೇಡಿ. ಹತ್ತು ಮಳೆಗಾಲ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿಗೆ ಅಂಟಿರುತ್ತದೆ, ಜೋರು ಮಾಡಿದರೆ ರಿಂಗು ತುಂಡಾಗುತ್ತದೆ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್ಲಿಗೆ ಅಷ್ಟೇ ಎಂಜಿನ್ ಆಯಿಲ್ ಬೆರೆಸಿ ಒಂದೊಂದು ತೂತಿಗೂ ಅರ್ಧ ಲೋಟದಷ್ಟು ಬಿಡಿ. ನಾಲ್ಕೈದು ದಿನ ಮರೆತುಬಿಡಿ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ, ಹೆಬ್ಬೆರಳನ್ನೂ ಉಳಿದ ಬೆರಳಿನ ಪಕ್ಕದಲ್ಲೇ ಇಟ್ಟುಕೊಂಡು, ಮೆಲ್ಲಗೆ ಅಲುಗಿಸಿ. ಒಂದು ಅಂಗುಲ ಸರಿದರೆ ಗೆದ್ದಿರಿ. ಪೂರ್ತಿ ಸುತ್ತು ತಿರುಗಿದ ಮೇಲೆ ಬ್ಲಾಕಿನ ಪಕ್ಕದ ಪ್ಲೇಟು ಬಿಚ್ಚಿ ನೋಡಿ. ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿದೆ ಅಂದೆನಲ್ಲ, ಈ ಎಂಜಿನ್ನಿನಲ್ಲಿ ನಿಂತ ಗಾಡಿಯ ಆ ವಾಲ್ವುಗಳೇ ಮೊದಲು ಹಿಡಿದುಕೊಳ್ಳುವುದು. ಎದ್ದ ವಾಲ್ವು ಇಳಿಯದಿದ್ದರೆ ಕಾಂಡಕ್ಕೆ ಎಣ್ಣೆ ಬಿಟ್ಟು ನಯವಾಗಿ ತಟ್ಟಿ ಬಿಡಿಸಬಹುದು. ಬ್ಲಾಕಿನ ಬದಿಯ ದುಂಡನೆ ತಗಡಿನ ಮುಚ್ಚಳಗಳನ್ನು ಹೊಸತು ಹಾಕಿಸಿ, ಅದರ ಹಿಂದೆ ತುಕ್ಕಿನ ಕೆಸರು ಮುಷ್ಟಿಗಟ್ಟಲೆ ಕೂತಿರುತ್ತದೆ. ಅದನ್ನು ಬಿಟ್ಟರೆ ಬದಿಯಡ್ಕ ತಲುಪುವ ಮೊದಲೇ ನೀರು ಕುದಿಯುತ್ತದೆ.

ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಯಬೇಕು. ಪಂಪಿನ ಡಯಾಫ್ರಾಮ್, ರಬ್ಬರ್ ಪೈಪು, ಕಾರ್ಬುರೇಟರಿನ ಪ್ಯಾಕಿಂಗು ಹಳತು ಒಂದೂ ಉಳಿಯಬಾರದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿದೆ, ಅದು ಹಳೆ ರಬ್ಬರನ್ನು ತಿನ್ನುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿಯೇ ಇಡಿ.

ಎಂಜಿನ್ ಉಸಿರಾಡಿತೆಂದು ರಸ್ತೆಗೆ ಹೋಗಬೇಡಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಡ್ರೈವರನ ಕಾಲಡಿಯ ತಗಡಿನ ಕೆಳಗೆ ನೀರು ಕೆಸರಿಗೆ ಮೈಯೊಡ್ಡಿಕೊಂಡಿದೆ. ಇರುವುದು ಒಂದೇ ಲೈನು, ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ. ಸ್ಟಿಯರಿಂಗಿನ ಎಳೆತವನ್ನು ಎರಡೂ ಚಕ್ರಕ್ಕೆ ಹಂಚುವ, ಮುಂದಿನ ನಡುವಿನ ಬೆಲ್ ಕ್ರ್ಯಾಂಕ್ ಸವೆದಿರುತ್ತದೆ, ಬರೀ ಬಾಕ್ಸ್ ಬಿಗಿ ಮಾಡಿ ಪ್ರಯೋಜನವಿಲ್ಲ. ಮುಂದಿನ ಚಕ್ರ ತಿರುಗುವ ಕೀಲಾದ ನಕಲ್ ಎಂಬ ಗೋಳದೊಳಗೆ ಗ್ರೀಸಿನ ಬದಲು ಹಾಲು ಬಣ್ಣದ ನೀರು ಬಂದರೆ ಬೇರಿಂಗ್ ಹೋಗಿದೆ. ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಕೊಯಮತ್ತೂರಿನ ಉಕ್ಕಡಂ ಗುಜರಿ ಎರಡೂ ನಮಗೆ ಒಂದು ರಾತ್ರಿಯ ದಾರಿ. ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಫೋಟೋ ತೋರಿಸಿ ತಂದದ್ದು ಅರ್ಧ ಸಲ ಕೂರುವುದಿಲ್ಲ.

ಬಾಡಿಯ ಮೇಲೆ ಅಯಸ್ಕಾಂತ ಓಡಿಸಿ. ಹಿಡಿಯದ ಕಡೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಚಾಸಿಸನ್ನು ಸಣ್ಣ ಸುತ್ತಿಗೆಯಲ್ಲಿ ಇಂಚಿಂಚು ಬಡಿಯಿರಿ, ಮುಖ್ಯವಾಗಿ ಪಾಟಾದ ಹ್ಯಾಂಗರ್ ಹತ್ತಿರ ಮತ್ತು ಹಿಂದಿನ ಅಡ್ಡಪಟ್ಟಿಯಲ್ಲಿ. ಟಣ್ ಅನ್ನಬೇಕು. ಹಣ್ಣಾದ ಪಪ್ಪಾಯಿಯ ಹಾಗೆ ಡುಬ್ ಅಂದರೆ ಅಲ್ಲಿ ಒಳಗೆ ಏನೂ ಉಳಿದಿಲ್ಲ. ಕತ್ತರಿಸಿ ಹೊಸ ತಗಡು ಕೂರಿಸಬೇಕು, ಮೇಲಿನಿಂದ ತೇಪೆ ಹಾಕಿದರೆ ನಡುವೆ ನೀರು ನಿಂತು ಎರಡನ್ನೂ ತಿನ್ನುತ್ತದೆ. ಪೇಂಟಿಂಗ್ ಮಾತ್ರ ಆಟಿ ತಿಂಗಳ ಮಳೆಯಲ್ಲಿ ಬೇಡ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ನಮ್ಮದು. ಉಜ್ಜಿ ಬೆಳ್ಳಗೆ ಮಾಡಿದ ತಗಡು ಆ ತಿಂಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ ಬರುವುದರೊಳಗೆ ಕೆಂಪಾಗಿರುತ್ತದೆ. ಟಿಂಕರಿಂಗ್ ಮಳೆಯಲ್ಲಿ ಮಾಡಿಸಿ, ಬಣ್ಣ ದೀಪಾವಳಿ ಕಳೆದ ಮೇಲೆ. ಯಾವ ಬಣ್ಣವೆಂದು ಆರ್‌ಸಿ ಹೇಳುತ್ತದೆ.

ಓಡಿಸುವಾಗ ಮಾತ್ರ ಅದರಿಂದ ಕಾರಿನ ಕೆಲಸ ನಿರೀಕ್ಷಿಸಬೇಡಿ. ಮೂರು ಗೇರು, ಮೊದಲನೆಯದಕ್ಕೆ ಸಿಂಕ್ರೊ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಡಿಫರೆನ್ಷಿಯಲ್ 5.38ರ ಅನುಪಾತದ್ದು, ಎಳೆಯಲಿಕ್ಕೆ ಹುಟ್ಟಿದ್ದು, 60ರ ಮೇಲೆ ಕಿರುಚುತ್ತದೆ. ಗೇರಿನ ಪಕ್ಕದ ಎರಡು ಗಿಡ್ಡ ಲಿವರುಗಳಲ್ಲಿ ಒಂದು ಮುಂದಿನ ಚಕ್ರಕ್ಕೆ, ಇನ್ನೊಂದು ಲೋ ಗೇರಿಗೆ. ಡಾಂಬರಿನ ಮೇಲೆ ಎರಡನ್ನೂ ಮುಟ್ಟಬೇಡಿ. ಬಿಡುವಾದಾಗ ಕೆಳಗೆ ನುಗ್ಗಿ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಭಾಗ ನೋಡಿ, ಅಲ್ಲೊಂದು ಮುಚ್ಚಳ ಉಂಟು. ಅದನ್ನು ಬಿಚ್ಚಿ ಶಾಫ್ಟ್ ಜೋಡಿಸಿದರೆ ಎಂಜಿನ್ನಿನ ಶಕ್ತಿಯಲ್ಲಿ ಗರಗಸ, ಪಂಪು ಓಡಿಸಬಹುದಿತ್ತು. ಯುದ್ಧ ಮುಗಿದದ್ದೇ ವಿಲ್ಲೀಸ್‌ನವರು ಜೀಪನ್ನು ರೈತರಿಗೆ ಮಾರಲು ಹೊರಟದ್ದು ಹೀಗೆಯೇ.

ಕೊನೆಗೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅಜ್ಜನ ಜೀಪು ಎಲ್ಲಿ ಹೋಯಿತು? 1984ರ ಮೇ ತಿಂಗಳವರೆಗೆ ಕಾಸರಗೋಡು ಬೇರೆ ಜಿಲ್ಲೆಯಾಗಿರಲಿಲ್ಲ, ಕಣ್ಣೂರಿಗೆ ಸೇರಿತ್ತು. ಹಾಗಾಗಿ ಅದರ ಹಳೆಯ ನಂಬರು ಬಹುಶಃ ಕಣ್ಣೂರಿನದ್ದು. ನಿಮ್ಮಲ್ಲಿ ಯಾರದಾದರೂ ಮದುವೆಯ ಆಲ್ಬಮ್ಮಿನಲ್ಲಿ ದಿಬ್ಬಣದ ಜೀಪು ನಿಂತಿರುತ್ತದೆ, ಹೂವಿನ ಹಾರದ ಕೆಳಗೆ ನಂಬರ್ ಪ್ಲೇಟು ಅರ್ಧವಾದರೂ ಕಾಣುತ್ತದೆ. ಪೆಟ್ಟಿಗೆಯ ತಳದಲ್ಲಿ ತೆರಿಗೆಯ ಹಳೆ ರಸೀದಿ ಇದ್ದರೂ ಆದೀತು. ಆ ಕಾಲದ ಮನೆ ಜೀಪುಗಳು ಹೆಚ್ಚಾಗಿ ಮಾರಿಹೋದದ್ದು ಮೂಡು ದಿಕ್ಕಿನ ಗುಡ್ಡದೂರುಗಳ ಟ್ರಿಪ್‌ಗೆ, ಒಂದೆರಡು ಈಗಲೂ ರಬ್ಬರ್ ತೋಟದ ಶೆಡ್ಡಿನಲ್ಲಿ ಟಾರ್ಪಾಲಿನ ಅಡಿಯಲ್ಲಿವೆ. ನಂಬರು ಸಿಕ್ಕಿದರೆ ನನಗೆ ತಿಳಿಸಿ, ಆ ಕಡೆಯ ಹಳೆ ಡ್ರೈವರುಗಳಲ್ಲಿ ವಿಚಾರಿಸುತ್ತೇನೆ. ಪುತ್ತೂರಿನವರಿಗೆ ಅಷ್ಟರವರೆಗೆ ಮುಂಗಡ ಕೊಡಬೇಡಿ.